ಛತ್ರ ರೆಡಿ ಇದೆ, ಗಂಡು ಎಲ್ಲಿ?

ಹಾಕಿ ಅಂದ ಕೂಡಲೇ ನಮ್ಮ ಕೊಡಗಿನವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರಬಹುದು. ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಮಾತು ಆ ಹಾಕಿಯದ್ದಲ್ಲ. ಇದು ಐಸ್ ಹಾಕಿ. ಮಂಜುಗಡ್ಡೆಯ ನೆಲ, ಕಾಲಿಗೆ ಸ್ಕೇಟ್, ಚೆಂಡಿನ ಬದಲು ಪಕ್ ಅನ್ನೋ ಕಪ್ಪು ರಬ್ಬರ್ ಬಿಲ್ಲೆ. ಕೆನಡಾದಲ್ಲಿ ಬರೀ ಹಾಕಿ ಅಂದ್ರೆ ಇದೇ.

ಆ ಕೆನಡಾದಲ್ಲಿ ಒಂದು ನಗರ ಇದೆ. 2015ರಲ್ಲಿ ಅಲ್ಲಿ ಒಂದು ಭಾರಿ ಕ್ರೀಡಾಂಗಣ ಕಟ್ಟಿದರು. ಹಾಕಿಗೆ 18,259 ಆಸನ. ಖರ್ಚು ಸುಮಾರು 37 ಕೋಟಿ ಕೆನಡಾ ಡಾಲರ್, ಅವತ್ತಿನ ಲೆಕ್ಕದಲ್ಲಿ ನಮ್ಮ ಸುಮಾರು 1,800 ಕೋಟಿ ರೂಪಾಯಿ. ಹಣ ಯಾರದ್ದು? ಬಹುಪಾಲು ಜನರದ್ದು. ಪ್ರಾಂತ್ಯ ಸರ್ಕಾರ ಮತ್ತು ನಗರ ಪಾಲಿಕೆ ಹಂಚಿಕೊಂಡು ಕಟ್ಟಿದವು. ಯಾರಿಗಾಗಿ ಕಟ್ಟಿದರು? ಎನ್‌ಎಚ್‌ಎಲ್, ಅಂದ್ರೆ ನ್ಯಾಷನಲ್ ಹಾಕಿ ಲೀಗ್‌ನ ಒಂದು ತಂಡಕ್ಕಾಗಿ. ಆ ತಂಡ ಯಾವುದು? ಅದೇ ನೋಡಿ ತಮಾಷೆ. ತಂಡ ಇಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಗೆ 37 ಕೋಟಿ ಡಾಲರ್.

ಆ ಊರಿನ ಹೆಸರು ಕ್ವಿಬೆಕ್ ಸಿಟಿ. ಕ್ವಿಬೆಕ್ ಅನ್ನೋದು ಪ್ರಾಂತ್ಯದ ಹೆಸರೂ ಹೌದು, ಅದರ ರಾಜಧಾನಿಯ ಹೆಸರೂ ಹೌದು. 1608ರಲ್ಲಿ ಫ್ರೆಂಚರು ಸೇಂಟ್ ಲಾರೆನ್ಸ್ ನದಿ ದಂಡೆ ಮೇಲೆ ಕಟ್ಟಿದ ಊರು. ಸುತ್ತಮುತ್ತ ಎಲ್ಲ ಸೇರಿಸಿದರೂ ಜನಸಂಖ್ಯೆ ಎಂಟು ಲಕ್ಷದ ಆಸುಪಾಸು. ಇಡೀ ಉತ್ತರ ಅಮೆರಿಕದ ಇಂಗ್ಲಿಷ್ ಸಮುದ್ರದ ನಡುವೆ ಇದೊಂದು ಫ್ರೆಂಚ್ ದ್ವೀಪ. ಅಂಥ ಊರಿಗೆ ತನ್ನದೇ ಒಂದು ತಂಡ ಇದ್ದಾಗ ಅದು ಬರೀ ಆಟವಾಗಿ ಉಳಿಯಲ್ಲ. ನಾರ್ಡಿಕ್ಸ್ ಅನ್ನೋ ತಂಡ ಇತ್ತು ಅವರಿಗೆ. ನೀಲಿ ಜೆರ್ಸಿ, ಅದರ ಅಂಚಿನಲ್ಲಿ ಪ್ರಾಂತ್ಯದ ಬಾವುಟದಲ್ಲಿರೋ ಅದೇ ಲಿಲಿ ಹೂವಿನ ಗುರುತು. ಕೆಂಪು ಹಳದಿ ಬಾವುಟ ಹಿಡಿದು ಚಿನ್ನಸ್ವಾಮಿ ಸ್ಟೇಡಿಯಂಗೆ ಹೋಗೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ನಾರ್ಡಿಕ್ಸ್ 1972ರಲ್ಲಿ ಬೇರೊಂದು ಲೀಗ್‌ನಲ್ಲಿ ಶುರುವಾಗಿ, 1979ರಲ್ಲಿ ಎನ್‌ಎಚ್‌ಎಲ್‌ಗೆ ಸೇರಿತು. ಪ್ರವೇಶ ಶುಲ್ಕ 60 ಲಕ್ಷ ಅಮೆರಿಕನ್ ಡಾಲರ್. ಈ ಅಂಕಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಅದೇ ಪ್ರಾಂತ್ಯದ ದೊಡ್ಡಣ್ಣ ಮಾಂಟ್ರಿಯಲ್ ತಂಡದ ಜೊತೆ ಇವರ ಜಗಳ ಎಂಥದ್ದು ಅಂದ್ರೆ, 1984ರ ಗುಡ್ ಫ್ರೈಡೆ ದಿನ ನಡೆದ ಪಂದ್ಯದಲ್ಲಿ ಎರಡೂ ಕಡೆಯ ಬೆಂಚುಗಳು ಖಾಲಿಯಾಗಿ ಮಂಜಿನ ಮೇಲೆ ಸಾಮೂಹಿಕ ಹೊಡೆದಾಟವೇ ಆಗಿಹೋಯ್ತು. ಕೆನಡಾದವರು ಇವತ್ತಿಗೂ ಅದನ್ನ ನೆನೆಸಿಕೊಂಡು ಮಾತಾಡ್ತಾರೆ.

ಇಷ್ಟು ಪ್ರೀತಿ ಇದ್ದ ತಂಡ ಹೋಗಿದ್ದು ಹೇಗೆ? ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಎನ್‌ಎಚ್‌ಎಲ್‌ನಲ್ಲಿ ಆಟಗಾರರ ಸಂಬಳ ಅಮೆರಿಕನ್ ಡಾಲರ್‌ನಲ್ಲಿ. ಟಿಕೆಟ್ ಮಾರೋದು, ಜಾಹೀರಾತು ತಗೊಳ್ಳೋದು ಕೆನಡಾ ಡಾಲರ್‌ನಲ್ಲಿ. 1995ರ ಹೊತ್ತಿಗೆ ಒಂದು ಕೆನಡಾ ಡಾಲರ್‌ಗೆ ಸಿಗ್ತಿದ್ದಿದ್ದು ಸುಮಾರು 73 ಅಮೆರಿಕನ್ ಸೆಂಟ್. ಅಂದ್ರೆ ಒಬ್ಬ ಆಟಗಾರನಿಗೆ ಹತ್ತು ಲಕ್ಷ ಡಾಲರ್ ಕೊಡಬೇಕು ಅಂದ್ರೆ ಕ್ವಿಬೆಕ್ ಮಾಲೀಕರು ಹದಿಮೂರೂವರೆ ಲಕ್ಷಕ್ಕೂ ಮೀರಿ ದುಡಿಯಬೇಕು. ಅದೂ ಎನ್‌ಎಚ್‌ಎಲ್‌ನ ಅತಿ ಪುಟ್ಟ ನಗರಗಳಲ್ಲಿ ಒಂದರಲ್ಲಿ, 1949ರಲ್ಲಿ ಕಟ್ಟಿದ ಹಳೇ ಕೊಲಿಸೇ ಕ್ರೀಡಾಂಗಣದಲ್ಲಿ. ಶ್ರೀಮಂತ ಕಂಪನಿಗಳಿಗೆ ದುಬಾರಿ ಬೆಲೆಗೆ ಕೊಡೋ ಖಾಸಗಿ ಬಾಕ್ಸ್‌ಗಳ ಆದಾಯ ಅಲ್ಲಿ ಸಾಲದು.

ಆಟಗಾರರೂ ಬರೋಕೆ ಹಿಂಜರಿಯುತ್ತಿದ್ದರು. 1991ರಲ್ಲಿ ಎರಿಕ್ ಲಿಂಡ್ರೋಸ್ ಅನ್ನೋ ಹುಡುಗ, ಇಡೀ ಲೀಗ್ ಬಾಯಿ ಬಾಯಿ ಬಿಟ್ಟು ನೋಡ್ತಿದ್ದ ಪ್ರತಿಭೆ. ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾಗಿ ನಾರ್ಡಿಕ್ಸ್ ಅವನನ್ನ ಆರಿಸಿತು. ಅವನು ಜೆರ್ಸಿ ಹಾಕಿಕೊಳ್ಳೋಕೇ ಒಪ್ಪಲಿಲ್ಲ. ನಾನು ಕ್ವಿಬೆಕ್‌ಗೆ ಆಡಲ್ಲ ಅಂತ ಒಂದು ವರ್ಷ ಹೊರಗೇ ಉಳಿದ. ಕೊನೆಗೆ 1992ರಲ್ಲಿ ಅವನನ್ನ ಫಿಲಡೆಲ್ಫಿಯಾಗೆ ಕೊಟ್ಟು, ಬದಲಿಗೆ ಒಂದು ಹಿಂಡು ಆಟಗಾರರನ್ನೂ ಒಂದೂವರೆ ಕೋಟಿ ಡಾಲರನ್ನೂ ತಗೊಂಡರು. ಆ ಹಿಂಡಿನಲ್ಲಿ ಪೀಟರ್ ಫೋರ್ಸ್‌ಬರ್ಗ್ ಇದ್ದ. ಮೊದಲೇ ತಂಡದಲ್ಲಿ ಜೋ ಸಕಿಕ್ ಇದ್ದ. ತಂಡ ಎಷ್ಟು ಗಟ್ಟಿಯಾಯ್ತು ಅಂದ್ರೆ 1994–95ರಲ್ಲಿ ಪೂರ್ವ ವಿಭಾಗಕ್ಕೇ ಮೊದಲ ಸ್ಥಾನ.

ಅದೇ ಅವರ ಕೊನೆಯ ಸೀಸನ್. ಮಾಲೀಕ ಮಾರ್ಸೆಲ್ ಒಬು ಸರ್ಕಾರದ ನೆರವು ಕೇಳಿದರು, ಹೊಸ ಕ್ರೀಡಾಂಗಣ ಕೇಳಿದರು. ಪ್ರಾಂತ್ಯ ಸರ್ಕಾರ ಅವರು ಕೇಳಿದಷ್ಟು ಕೊಡಲಿಲ್ಲ. 1995ರ ಮೇ ತಿಂಗಳಲ್ಲಿ ತಂಡ 7.5 ಕೋಟಿ ಅಮೆರಿಕನ್ ಡಾಲರ್‌ಗೆ ಮಾರಾಟವಾಗಿ ಅಮೆರಿಕದ ಡೆನ್ವರ್‌ಗೆ ಹೋಯ್ತು. ಹೆಸರು ಕೊಲೊರಾಡೊ ಅವಲಾಂಚ್ ಅಂತ ಬದಲಾಯ್ತು. ಮುಂದಿನ ವರ್ಷವೇ, 1996ರ ಜೂನ್‌ನಲ್ಲಿ, ಅದೇ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. ಹದಿನಾರು ವರ್ಷ ಸಾಕಿ ಬೆಳೆಸಿದ ಮರ ಬೇರೆಯವರ ಹಿತ್ತಲಲ್ಲಿ ಮೊದಲ ವರ್ಷಕ್ಕೇ ಹಣ್ಣು ಬಿಟ್ಟ ಹಾಗೆ. ಸಂಕಟ ಊಹಿಸಿಕೊಳ್ಳಿ.

ಅಲ್ಲಿಂದ ಹತ್ತು ವರ್ಷ ಏನೂ ಆಗಲಿಲ್ಲ. ಆಮೇಲೆ ಎರಡು ಬದಲಾವಣೆ ಆದವು. 2004–05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಇಡೀ ಸೀಸನ್ನೇ ರದ್ದಾಯ್ತು. ಅದು ಮುಗಿದಾಗ ಪ್ರತಿ ತಂಡದ ಸಂಬಳಕ್ಕೂ ಒಂದು ಮಿತಿ ಬಂತು. ದುಡ್ಡಿರೋ ನ್ಯೂಯಾರ್ಕ್ ಬೇಕಾದಷ್ಟು ಸುರಿಯೋ ಹಾಗಿಲ್ಲ. ಎರಡನೇದು, 2007ರ ಹೊತ್ತಿಗೆ ಕೆನಡಾ ಡಾಲರ್ ಏರಿ ಅಮೆರಿಕನ್ ಡಾಲರ್‌ಗೆ ಸಮ ಸಮ ನಿಂತಿತು. ಹಳೇ ಲೆಕ್ಕ ತಲೆಕೆಳಗಾಯ್ತು. ಸಣ್ಣ ಕೆನಡಾ ನಗರವೂ ತಂಡ ಸಾಕಬಹುದು ಅನ್ನೋ ಮಾತು ಶುರುವಾಯ್ತು. 2011ರಲ್ಲಿ ವಿನಿಪೆಗ್ ಅದನ್ನ ಮಾಡಿ ತೋರಿಸಿತು. 1996ರಲ್ಲಿ ತಂಡ ಕಳೆದುಕೊಂಡಿದ್ದ ಆ ನಗರಕ್ಕೆ ಅಟ್ಲಾಂಟಾದ ತಂಡ ಬಂತು. ಬೆಲೆ 17 ಕೋಟಿ ಡಾಲರ್, ಅದರಲ್ಲಿ 6 ಕೋಟಿ ಊರು ಬದಲಾಯಿಸಿದ್ದಕ್ಕೆ ಲೀಗ್‌ಗೆ ಕೊಟ್ಟ ಶುಲ್ಕ.

ವಿನಿಪೆಗ್‌ಗೆ ಸಿಕ್ಕಿದ್ದು ನಮಗ್ಯಾಕೆ ಸಿಗಬಾರದು? ಕ್ವಿಬೆಕ್ ಸಿಟಿ ಕೇಳಿದ್ದು ಇಷ್ಟೇ. ನ್ಯಾಯವಾದ ಪ್ರಶ್ನೆ. ಆದರೆ ಒಂದು ವ್ಯತ್ಯಾಸ ನೋಡಿ. ವಿನಿಪೆಗ್‌ನ ಕ್ರೀಡಾಂಗಣ 2004ರಿಂದಲೇ ಇತ್ತು. ಅದನ್ನ ನಡೆಸುತ್ತಿದ್ದವರು ಒಂದು ಸಣ್ಣ ಲೀಗ್‌ನ ತಂಡ ಇಟ್ಟುಕೊಂಡು, ವರ್ಷಗಟ್ಟಲೆ ಸದ್ದಿಲ್ಲದೆ ಕಾದು ಕೂತಿದ್ದರು. ಕ್ವಿಬೆಕ್ ಸಿಟಿಯ ಮೇಯರ್ ರೆಜಿಸ್ ಲಬೋಮ್ ಸದ್ದಿಲ್ಲದೆ ಇರೋ ಪೈಕಿ ಅಲ್ಲ. 2010ರ ಅಕ್ಟೋಬರ್‌ನಲ್ಲಿ ಹತ್ತಾರು ಸಾವಿರ ಜನ ನೀಲಿ ಬಟ್ಟೆ ಹಾಕಿಕೊಂಡು ಮೆರವಣಿಗೆ ಮಾಡಿದರು. ಆ ಭಾಗದ ಆಡಳಿತ ಪಕ್ಷದ ಸಂಸದರು ನಾರ್ಡಿಕ್ಸ್ ಜೆರ್ಸಿ ತೊಟ್ಟು ಸಾಲಾಗಿ ಫೋಟೋಗೆ ನಿಂತರು. ಫೋಟೋ ಚೆನ್ನಾಗಿ ಬಂತು. ಕೇಂದ್ರ ಸರ್ಕಾರದಿಂದ ಹಣ ಮಾತ್ರ ಬರಲಿಲ್ಲ. ಎಲ್ಲಾ ಕಡೆ ಇದೇ ಕಥೆ ಬಿಡಿ.

ಹಣ ಕೊಟ್ಟಿದ್ದು ಪ್ರಾಂತ್ಯ ಸರ್ಕಾರ ಮತ್ತು ನಗರ. ನಡೆಸೋ ಹೊಣೆ ಹೊತ್ತಿದ್ದು ಕ್ವಿಬೆಕೋರ್ ಅನ್ನೋ ಕಂಪನಿ, ಅದರ ಯಜಮಾನ ಪಿಯರ್ ಕಾರ್ಲ್ ಪೆಲಾಡೋ. ಈ ಕಂಪನಿ ಯಾವುದು ಗೊತ್ತಾ? ಪ್ರಾಂತ್ಯದ ದೊಡ್ಡ ಖಾಸಗಿ ಟಿವಿ ಚಾನೆಲ್ ಟಿವಿಎ ಅವರದ್ದು. ಆ ಊರಿನಲ್ಲಿ ಅತಿ ಹೆಚ್ಚು ಓದೋ ದಿನಪತ್ರಿಕೆಗಳಲ್ಲಿ ಒಂದು ಅವರದ್ದು. ಕೇಬಲ್ ಕಂಪನಿ ವಿಡಿಯೋಟ್ರಾನ್ ಅವರದ್ದು, ಆ ಹೆಸರೇ ಕ್ರೀಡಾಂಗಣಕ್ಕೆ. 2011ರಲ್ಲಿ ಟಿವಿಎ ಸ್ಪೋರ್ಟ್ಸ್ ಅನ್ನೋ ಕ್ರೀಡಾ ಚಾನೆಲ್ ಶುರುಮಾಡಿದರು. ಈಗ ಅರ್ಥ ಆಯ್ತಲ್ಲ? ಅವರಿಗೆ ತಂಡ ಅಂದ್ರೆ ವರ್ಷಕ್ಕೆ 82 ಪಂದ್ಯದ ನೇರ ಪ್ರಸಾರ, ಅದರ ಹಿಂದೆ ಮುಂದೆ ಚರ್ಚೆ, ಮಾರನೇ ದಿನ ಪೇಪರ್‌ನಲ್ಲಿ ನಾಲ್ಕು ಪುಟ. ಚಾನೆಲ್‌ನಲ್ಲಿ ಕೂತು ಕೆಲಸ ಮಾಡೋ ನನಗೆ ಈ ಆಸೆ ಚೆನ್ನಾಗಿ ಅರ್ಥ ಆಗುತ್ತೆ. ನೇರ ಪ್ರಸಾರದ ಕ್ರೀಡೆಗೆ ಇರೋ ಪ್ರೇಕ್ಷಕ ನಮ್ಮ ಪ್ಯಾನೆಲ್ ಚರ್ಚೆಗೆ ಇಲ್ಲ ಅನ್ನೋದು ಈ ವೃತ್ತಿಯಲ್ಲಿರೋ ಎಲ್ಲರಿಗೂ ಗೊತ್ತು. ಆದರೆ ಕ್ರೀಡಾಂಗಣ ನಡೆಸೋದು, ತಂಡಕ್ಕೆ ಅರ್ಜಿ ಹಾಕೋದು, ಆ ಅರ್ಜಿ ಬಗ್ಗೆ ಸುದ್ದಿ ಮಾಡೋದು, ಮೂರೂ ಒಂದೇ ಮನೆಯವರಾದಾಗ ಪ್ರಶ್ನೆ ಕೇಳೋರು ಯಾರು?

ಕೇಳಿದವರು ಕೆಲವರಿದ್ದರು. ನಗರ ಮತ್ತು ಕ್ವಿಬೆಕೋರ್ ನಡುವಿನ ಒಪ್ಪಂದ ಟೆಂಡರ್ ಕರೆಯದೆ ಆಗಿದೆ, ಇದು ಕಾನೂನಿಗೆ ವಿರುದ್ಧ ಅಂತ ನಗರಾಡಳಿತದ ಮಾಜಿ ಅಧಿಕಾರಿಯೊಬ್ಬರು ತಕರಾರು ಎತ್ತಿದರು. ಅದಕ್ಕೆ ಉತ್ತರವಾಗಿ ಬಂದಿದ್ದು 204ನೇ ಮಸೂದೆ. ಈ ಒಪ್ಪಂದವನ್ನ ಕೋರ್ಟಿನಲ್ಲಿ ಪ್ರಶ್ನಿಸೋ ಹಾಗಿಲ್ಲ ಅನ್ನೋದಕ್ಕೇ ಒಂದು ಪ್ರತ್ಯೇಕ ಕಾನೂನು! 2011ರ ಜೂನ್‌ನಲ್ಲಿ ಇದರಿಂದ ವಿರೋಧ ಪಕ್ಷವಾದ ಪಾರ್ಟಿ ಕ್ವಿಬೆಕ್ವಾದ ಒಳಗೇ ಬೆಂಕಿ ಬಿತ್ತು. ಎರಡು ದಿನದಲ್ಲಿ ನಾಲ್ವರು ಶಾಸಕರು ಪಕ್ಷ ಬಿಟ್ಟರು. ಒಂದು ಹಾಕಿ ಮೈದಾನಕ್ಕಾಗಿ. ಆದರೂ ಸೆಪ್ಟೆಂಬರ್‌ನಲ್ಲಿ ಮಸೂದೆ ಪಾಸಾಯ್ತು.

ಕಟ್ಟಡ ಮಾತ್ರ ಅದ್ಭುತ. ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಇಲ್ಲಿ ಒಂದೆರಡು ನಿಮಿಷ ನಿಲ್ತೀನಿ, ಸಹಿಸಿಕೊಳ್ಳಿ. ಎನ್‌ಎಚ್‌ಎಲ್ ಮೈದಾನ 200 ಅಡಿ ಉದ್ದ, 85 ಅಡಿ ಅಗಲ. ಅದರ ಕೆಳಗೆ ಕಾಂಕ್ರೀಟ್ ಹಾಸು, ಆ ಕಾಂಕ್ರೀಟ್ ಒಳಗೆ ಕಿಲೋಮೀಟರ್‌ಗಟ್ಟಲೆ ಪೈಪು. ಅದರೊಳಗೆ ಸೊನ್ನೆಗಿಂತ ಕೆಳಗೆ ತಣಿದರೂ ಹೆಪ್ಪುಗಟ್ಟದ ಉಪ್ಪುನೀರು ಅಥವಾ ಗ್ಲೈಕಾಲ್ ದ್ರವ ಸುತ್ತುತ್ತಾ ಇರುತ್ತೆ. ಮೇಲೆ ನೀರನ್ನ ಪದರ ಪದರವಾಗಿ ಸಿಂಪಡಿಸಿ ಗಟ್ಟಿ ಮಾಡ್ತಾರೆ. ಕೊನೆಗೆ ಮಂಜಿನ ದಪ್ಪ ಎಷ್ಟು ಗೊತ್ತಾ? ಬರೀ ಮೂರು ಸೆಂಟಿಮೀಟರ್ ಆಸುಪಾಸು. ಹದಿನೆಂಟು ಸಾವಿರ ಜನರ ಮೈಶಾಖ, ತಲೆ ಮೇಲಿನ ದೀಪಗಳ ಕಾವು, ಇದೆಲ್ಲದರ ನಡುವೆ ಆ ಮೂರು ಸೆಂಟಿಮೀಟರ್ ಕರಗದ ಹಾಗೆ ನೋಡ್ಕೋಬೇಕು. ಹಾಗಾಗಿ ಯಂತ್ರಗಳನ್ನೆಲ್ಲ ತುಂಬಿದ ಸಭಾಂಗಣದ ಲೆಕ್ಕಕ್ಕೇ ಅಳವಡಿಸಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಪೀಕ್ ಲೋಡ್ ಅಂತೀವಿ. ಇಡೀ ಬಡಾವಣೆಗೆ ಸಾಲೋ ಟ್ರಾನ್ಸ್‌ಫಾರ್ಮರ್ ತಂದು ನಿಲ್ಲಿಸಿ, ನಾಲ್ಕು ಮನೆಗೆ ಮಾತ್ರ ಕನೆಕ್ಷನ್ ಕೊಟ್ಟರೆ ಹೇಗಿರುತ್ತೆ? ವಿಡಿಯೋಟ್ರಾನ್ ಸೆಂಟರ್ ಕಥೆ ಅದೇ. ಎನ್‌ಎಚ್‌ಎಲ್ ತಂಡ ಬಂದಿದ್ದರೆ ವರ್ಷಕ್ಕೆ ತವರಿನಲ್ಲೇ 41 ಪಂದ್ಯ. ಈಗ ಅಲ್ಲಿ ಆಡೋದು ರೆಂಪಾರ್ಟ್ಸ್ ಅನ್ನೋ ಜೂನಿಯರ್ ತಂಡ, ಹದಿನಾರರಿಂದ ಇಪ್ಪತ್ತರ ಹುಡುಗರು. ಸಂಗೀತ ಕಾರ್ಯಕ್ರಮ ನಡೀತವೆ. 2015ರ ಸೆಪ್ಟೆಂಬರ್‌ನಲ್ಲಿ ಮೆಟಾಲಿಕಾ ಬ್ಯಾಂಡ್‌ನವರು ಹಳೇ ಕೊಲಿಸೇಗೆ ಬೀಳ್ಕೊಡುಗೆ ಹಾಡಿ, ಎರಡು ದಿನ ಬಿಟ್ಟು ಪಕ್ಕದ ಹೊಸ ಕಟ್ಟಡದಲ್ಲಿ ಸ್ವಾಗತದ ಹಾಡು ಹಾಡಿದರು.

ಅದೇ ವರ್ಷ ಎನ್‌ಎಚ್‌ಎಲ್ ಹೊಸ ತಂಡಗಳಿಗೆ ಅರ್ಜಿ ಕರೆಯಿತು. ಅರ್ಜಿ ಶುಲ್ಕವೇ ಒಂದು ಕೋಟಿ ಡಾಲರ್, ತಂಡ ಸಿಗದಿದ್ದರೆ ಅದರಲ್ಲಿ 20 ಲಕ್ಷ ವಾಪಸ್ ಇಲ್ಲ. ತಂಡ ಸಿಕ್ಕರೆ ಪ್ರವೇಶ ಶುಲ್ಕ 50 ಕೋಟಿ. 1979ರಲ್ಲಿ ಎಷ್ಟಿತ್ತು, ಹೇಳಿ? ಬರೀ 60 ಲಕ್ಷ. ಕೊನೆವರೆಗೂ ಬಂದವರು ಇಬ್ಬರೇ. ಒಂದು ಕ್ವಿಬೆಕ್ ಸಿಟಿ. ಇನ್ನೊಂದು ಲಾಸ್ ವೇಗಸ್. ಮರುಭೂಮಿಯ ನಡುವಿನ ಜೂಜಿನ ಊರು. ಹಾಕಿ ಪರಂಪರೆ ಅಲ್ಲಿ ಹೆಸರಿಗೆ ಮಾತ್ರ.

2016ರ ಜೂನ್ 22ರಂದು ತೀರ್ಪು ಬಂತು. ಲಾಸ್ ವೇಗಸ್‌ಗೆ ತಂಡ. ಕ್ವಿಬೆಕ್ ಸಿಟಿಗೆ ‘ಮುಂದೂಡಲಾಗಿದೆ’. ಇಲ್ಲ ಅಂತ ಹೇಳಲಿಲ್ಲ, ಗಮನಿಸಿ. ಆ ಒಂದು ಪದದ ಮೇಲೆ ಆ ಊರು ಇವತ್ತಿಗೂ ಕಾಯ್ತಾ ಕೂತಿದೆ.

ಲೀಗ್ ಕೊಟ್ಟ ಕಾರಣ ಎರಡು. ಮೊದಲನೇದು ಹಳೇ ವಿಲನ್, ಕೆನಡಾ ಡಾಲರ್. 2016ರ ಜನವರಿಯಲ್ಲಿ ಅದು 69 ಸೆಂಟ್‌ಗಿಂತ ಕೆಳಗೆ ಬಿದ್ದಿತ್ತು. ಆ ದರದಲ್ಲಿ 50 ಕೋಟಿ ಅಮೆರಿಕನ್ ಡಾಲರ್ ಅಂದ್ರೆ 72 ಕೋಟಿ ಕೆನಡಾ ಡಾಲರ್ ದಾಟುತ್ತೆ. ಎರಡನೇದು ಭೂಗೋಳ. ಪೂರ್ವ ವಿಭಾಗದಲ್ಲಿ 16 ತಂಡ ಇದ್ದವು, ಪಶ್ಚಿಮದಲ್ಲಿ 14. ಕ್ವಿಬೆಕ್ ಇರೋದು ಪೂರ್ವದಲ್ಲಿ. 2018ರ ಡಿಸೆಂಬರ್‌ನಲ್ಲಿ ಸಿಯಾಟಲ್‌ಗೆ 65 ಕೋಟಿ ಡಾಲರ್‌ಗೆ ಇನ್ನೊಂದು ತಂಡ ಕೊಟ್ಟು 16–16 ಸಮ ಮಾಡಿದರು. ಬಾಗಿಲು ಮುಚ್ಚಿತು.

ಎರಡೂ ಕಾರಣ ಸುಳ್ಳಲ್ಲ. ಆದರೆ ನನ್ನ ಪ್ರಕಾರ ಒಳಗಿನ ಕಾರಣ ಬೇರೆ ಇದೆ, ಅದನ್ನ ನಮ್ಮ ಟಿಆರ್‌ಪಿ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತೆ. ಕ್ವಿಬೆಕ್‌ನವರು ಈಗಾಗಲೇ ಹಾಕಿ ನೋಡ್ತಾರೆ. ತಂಡ ಕೊಟ್ಟರೂ ನೋಡ್ತಾರೆ, ಕೊಡದಿದ್ದರೂ ನೋಡ್ತಾರೆ. ಈಗಾಗಲೇ ಕೇಬಲ್ ದುಡ್ಡು ಕಟ್ಟಿರೋ ಗಿರಾಕಿಗೆ ಯಾವ ಕಂಪನಿ ಆಫರ್ ಕೊಡುತ್ತೆ ಹೇಳಿ? ಆಫರ್ ಏನಿದ್ದರೂ ಹೊಸ ಗಿರಾಕಿಗೆ. ವೇಗಸ್‌ನಲ್ಲಿ, ಅರಿಜೋನಾದಲ್ಲಿ, ಫ್ಲಾರಿಡಾದಲ್ಲಿ ಹಾಕಿ ನೋಡದವರನ್ನ ಕೂರಿಸಿ ನೋಡೋ ಹಾಗೆ ಮಾಡಬೇಕು, ಅಮೆರಿಕದ ಟಿವಿ ಹಕ್ಕಿನ ಬೆಲೆ ಏರಬೇಕು. ಆ ಲೆಕ್ಕದಲ್ಲಿ ಕ್ವಿಬೆಕ್‌ನ ಪ್ರೀತಿಯೇ ಕ್ವಿಬೆಕ್‌ಗೆ ಅಡ್ಡ ಬಂತು.

ಇನ್ನೂ ಒಂದು ವಿಷಯ ಇದೆ. ಎನ್‌ಎಚ್‌ಎಲ್‌ಗೆ ಖಾಲಿ ಕ್ರೀಡಾಂಗಣ ಖಾಲಿ ಇದ್ದಾಗಲೇ ಉಪಯೋಗ ಜಾಸ್ತಿ. ಹೇಗೆ ಅಂತೀರಾ?

ಅಮೆರಿಕದ ಕ್ಯಾನ್ಸಸ್ ಸಿಟಿ ನೋಡಿ. 2007ರಲ್ಲಿ ಅಲ್ಲೂ ಹೊಸ ಕ್ರೀಡಾಂಗಣ ತೆರೆದರು, ತಂಡ ಇಲ್ಲ. ಅದೇ ವರ್ಷದ ಆರಂಭದಲ್ಲಿ ಪಿಟ್ಸ್‌ಬರ್ಗ್ ತಂಡದ ಮಾಲೀಕ, ಹಿಂದೊಮ್ಮೆ ದೊಡ್ಡ ಆಟಗಾರನಾಗಿದ್ದ ಮಾರಿಯೋ ಲೆಮ್ಯೂ ಅಲ್ಲಿಗೆ ಹೋಗಿ ನೋಡಿಕೊಂಡು ಬಂದರು. ತಂಡ ಊರು ಬಿಡುತ್ತೆ ಅನ್ನೋ ಭಯಕ್ಕೆ ಪಿಟ್ಸ್‌ಬರ್ಗ್‌ನವರು ಮಾರ್ಚ್‌ನಲ್ಲೇ ಹೊಸ ಕ್ರೀಡಾಂಗಣಕ್ಕೆ ಒಪ್ಪಿದರು. ಮುಂದಿನ ವರ್ಷ, ಆ ಕ್ರೀಡಾಂಗಣದ ಶಂಕುಸ್ಥಾಪನೆ ಹೊತ್ತಲ್ಲಿ, ಲೆಮ್ಯೂ ಮನಸ್ಸು ಬಿಚ್ಚಿ ಹೇಳಿಬಿಟ್ಟರು: ಊರು ಬಿಡೋ ಯೋಚನೆ ಇರಲೇ ಇಲ್ಲ, ಒತ್ತಡ ಹಾಕಬೇಕಿತ್ತು, ಕ್ಯಾನ್ಸಸ್ ಸಿಟಿಗೆ ಹೋಗಿದ್ದು ಒಳ್ಳೇ ಊಟ ಮಾಡಿ ಬರೋಕೆ. ಪಾಪ, ಊಟ ಹಾಕಿದ ಊರಿಗೆ ಇವತ್ತಿಗೂ ತಂಡ ಇಲ್ಲ.

ಕೆನಡಾದ್ದೇ ಇನ್ನೊಂದು ಊರು ಹ್ಯಾಮಿಲ್ಟನ್. ಉಕ್ಕಿನ ಕಾರ್ಖಾನೆಗಳ ಊರು. 1985ರಲ್ಲಿ ಕೋಪ್ಸ್ ಕೊಲಿಸಿಯಂ ಕಟ್ಟಿ ಕಾದರು. 1990ರಲ್ಲಿ ಕೇಳಿದರು, ತಂಡ ಆಟವಾಗೂ ಟ್ಯಾಂಪಾಗೂ ಹೋಯ್ತು. ಆಮೇಲೆ ಬ್ಲ್ಯಾಕ್‌ಬೆರಿ ಕಂಪನಿಯ ಜಿಮ್ ಬಾಲ್ಸಿಲಿ ಆ ಊರಿನ ಕೈ ಹಿಡಿದರು. ನನ್ನ ವಯಸ್ಸಿನ ಎಂಜಿನಿಯರ್‌ಗಳಿಗೆ ಕ್ಯಾಂಪಸ್ ಸೆಲೆಕ್ಷನ್ ಕಾಲದಲ್ಲಿ ಬ್ಲ್ಯಾಕ್‌ಬೆರಿ ಅಂದ್ರೆ ಏನಾಗಿತ್ತು ಅಂತ ಹೊಸದಾಗಿ ಹೇಳಬೇಕಾ? ಪಿಟ್ಸ್‌ಬರ್ಗ್ ತಂಡ ಕೊಳ್ಳಲು ಹೋದರು, ಆಗಲಿಲ್ಲ. ನ್ಯಾಶ್‌ವಿಲ್ ತಂಡ, ಆಗಲಿಲ್ಲ. 2009ರಲ್ಲಿ ಅರಿಜೋನಾದ ಕಯೋಟೀಸ್ ತಂಡ ದಿವಾಳಿಯಾಗಿ ಕೋರ್ಟಿಗೆ ಬಂದಾಗ 21.25 ಕೋಟಿ ಡಾಲರ್ ಕೊಡ್ತೀನಿ, ಹ್ಯಾಮಿಲ್ಟನ್‌ಗೆ ಕೊಡಿ ಅಂದರು. ನ್ಯಾಯಾಧೀಶರು ಒಪ್ಪಲಿಲ್ಲ. ತಂಡ ಎಲ್ಲಿ ಆಡಬೇಕು ಅನ್ನೋದು ಲೀಗ್‌ನ ತೀರ್ಮಾನ. ಎನ್‌ಎಚ್‌ಎಲ್ ತಾನೇ 14 ಕೋಟಿಗೆ ತಂಡ ಕೊಂಡು, ಮರುಭೂಮಿಯಲ್ಲೇ ಇಟ್ಟುಕೊಂಡಿತು. ಹೆಚ್ಚು ಬೆಲೆ ಹೇಳಿದವನಿಗೆ ಮಾಲು ಸಿಗಲಿಲ್ಲ! ಅಂಗಡಿಯವನೇ ತನ್ನ ಮಾಲು ತಾನೇ ಕೊಂಡ.

ಆ ಕಯೋಟೀಸ್ ಕಥೆ ಕೇಳಿದರೆ ಕ್ವಿಬೆಕ್‌ನವರ ಹೊಟ್ಟೆ ಯಾಕೆ ಉರಿಯುತ್ತೆ ಅಂತ ಗೊತ್ತಾಗುತ್ತೆ. 2022ರಲ್ಲಿ ಆ ತಂಡಕ್ಕೆ ಇದ್ದ ಕ್ರೀಡಾಂಗಣವೂ ಕೈತಪ್ಪಿತು. ಲೀಗ್ ಏನು ಮಾಡಿತು? ಅರಿಜೋನಾದ ಒಂದು ವಿಶ್ವವಿದ್ಯಾಲಯದ ಮೈದಾನದಲ್ಲಿ ಆಡಿಸಿತು. ಆಸನ ಸುಮಾರು 4,600. ಎರಡು ಸೀಸನ್ ಅಲ್ಲೇ. ಅದೇ ಹೊತ್ತಿಗೆ ಕ್ವಿಬೆಕ್ ಸಿಟಿಯಲ್ಲಿ 18,259 ಆಸನ, ಯಂತ್ರ, ಮಂಜು ಎಲ್ಲ ತಯಾರಾಗಿ ನಿಂತಿದ್ದವು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಅರಿಜೋನಾ ಕೈಬಿಟ್ಟು, ಆ ಆಟಗಾರರನ್ನೆಲ್ಲ ಕಳಿಸಿದ್ದು ಎಲ್ಲಿಗೆ? ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ, ಬ್ಯಾಸ್ಕೆಟ್‌ಬಾಲ್‌ಗಾಗಿ ಕಟ್ಟಿದ ಕ್ರೀಡಾಂಗಣಕ್ಕೆ. ವ್ಯವಹಾರದ ಮೊತ್ತ 120 ಕೋಟಿ ಡಾಲರ್. ಅದರಲ್ಲಿ 20 ಕೋಟಿ ಉಳಿದ ತಂಡಗಳ ಮಾಲೀಕರಿಗೆ.

ಈ ಮಾಲೀಕರ ಪಾಲಿನ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. ಹೊಸ ತಂಡ ಕಟ್ಟೋ ಪ್ರವೇಶ ಶುಲ್ಕ ಆಟಗಾರರಿಗೆ ಹೋಗಲ್ಲ, ಇರೋ ಮಾಲೀಕರು ಹಂಚಿಕೊಳ್ತಾರೆ. ವೇಗಸ್‌ನ 50 ಕೋಟಿಯನ್ನ ಆಗಿದ್ದ 30 ತಂಡಕ್ಕೆ ಹಂಚಿದರೆ ತಲಾ ಒಂದು ಕೋಟಿ 66 ಲಕ್ಷ ಡಾಲರ್. ಒಂದು ಗೋಲೂ ಹೊಡೆಯದೆ. ನಮ್ಮ ಐಪಿಎಲ್‌ನಲ್ಲೂ 2021ರಲ್ಲಿ ಲಖನೌ ತಂಡ 7,090 ಕೋಟಿಗೆ, ಅಹಮದಾಬಾದ್ ತಂಡ 5,625 ಕೋಟಿಗೆ ಹೋದವು. ಅಲ್ಲಿ ಕನಿಷ್ಠ ಮುಚ್ಚಿದ ಲಕೋಟೆಯ ಹರಾಜು ಇತ್ತು. ಎನ್‌ಎಚ್‌ಎಲ್‌ನಲ್ಲಿ ಮಾರುವವನು ಒಬ್ಬನೇ, ಬೆಲೆ ಹೇಳೋನೂ ಅವನೇ, ಯಾರಿಗೆ ಕೊಡಬೇಕು ಅಂತ ನಿರ್ಧರಿಸೋನೂ ಅವನೇ. ಅಂಥ ಸಂತೆಗೆ ಹೋಗುವಾಗ ಗಂಟು ಬಿಚ್ಚಿ, ದುಡ್ಡು ಎಣಿಸಿ ತೋರಿಸಿಕೊಂಡು ಹೋಗಬಾರದು. ಕ್ವಿಬೆಕ್ ಮಾಡಿದ್ದು ಅದನ್ನೇ. ಕಟ್ಟಡ ಕಟ್ಟೋ ಮುಂಚೆ ಆ ನಗರದ ಕೈಯಲ್ಲಿ ಒಂದು ಮಾತಿತ್ತು: ‘ತಂಡ ಕೊಡಿ, ಕಟ್ತೀವಿ.’ ಕಟ್ಟಿದ ಮೇಲೆ ಆ ಮಾತೂ ಕೈಯಲ್ಲಿ ಉಳೀಲಿಲ್ಲ. ವೇಗಸ್‌ನ ಕ್ರೀಡಾಂಗಣವೂ ತಂಡಕ್ಕಿಂತ ಮೊದಲೇ ಎದ್ದಿತ್ತು, ನಿಜ. ಆದರೆ ಅದು ಖಾಸಗಿಯವರ ದುಡ್ಡು. ತಂಡ ಬರದಿದ್ದರೂ ಬಾಕ್ಸಿಂಗ್, ಸಂಗೀತ ಅಂತ ದುಡಿಸಿಕೊಳ್ಳೋ ಲೆಕ್ಕಾಚಾರ ಅವರಿಗಿತ್ತು, ಮುಳುಗಿದ್ದರೂ ಅವರೇ ಮುಳುಗ್ತಿದ್ದರು.

ಈ ಕಡೆ ಟಿವಿ ಕಂಪನಿಯ ಕನಸೂ ಕರಗ್ತಾ ಹೋಯ್ತು. ತಂಡವಿಲ್ಲದೆ ಟಿವಿಎ ಸ್ಪೋರ್ಟ್ಸ್ ನಷ್ಟದ ಮೇಲೆ ನಷ್ಟ ಮಾಡಿತು. 2023ರ ನವೆಂಬರ್ 2ರಂದು ಟಿವಿಎ ಒಂದೇ ಏಟಿಗೆ 547 ಜನರನ್ನ ಕೆಲಸದಿಂದ ತೆಗೆಯೋದಾಗಿ ಹೇಳಿತು. ಅದಕ್ಕೆ ಹಾಕಿ ಒಂದೇ ಕಾರಣ ಅಂತ ನಾನು ಹೇಳಲ್ಲ, ಜಾಹೀರಾತು ಅಂತರ್ಜಾಲದ ಪಾಲಾಗಿದ್ದು ದೊಡ್ಡ ಕಾರಣ. ಆದರೂ ಆ ಸಂಖ್ಯೆ ಓದಿದ ದಿನ ನಮ್ಮ ನ್ಯೂಸ್‌ರೂಮ್‌ನಲ್ಲಿ ಸುತ್ತ ಕೂತವರನ್ನ ಒಂದು ಸಲ ಎಣಿಸಿ ನೋಡಿದೆ.

ಅದೇ ತಿಂಗಳು ಇನ್ನೊಂದು ಸುದ್ದಿ ಬಂತು. ಪ್ರಾಂತ್ಯದ ಹಣಕಾಸು ಸಚಿವ ಎರಿಕ್ ಜಿರಾರ್ ಘೋಷಿಸಿದರು: ಮುಂದಿನ ಶರತ್ಕಾಲಕ್ಕೆ ಲಾಸ್ ಏಂಜಲೀಸ್ ಕಿಂಗ್ಸ್ ತಂಡ ಕ್ವಿಬೆಕ್ ಸಿಟಿಗೆ ಬಂದು ಎರಡು ಅಭ್ಯಾಸ ಪಂದ್ಯ ಆಡುತ್ತೆ. ಅದಕ್ಕೆ ಸರ್ಕಾರದ ಸಹಾಯಧನ 50ರಿಂದ 70 ಲಕ್ಷ ಡಾಲರ್. ಎರಡು ಪಂದ್ಯಕ್ಕೆ! ಅದೂ ಪಾಯಿಂಟ್ ಲೆಕ್ಕಕ್ಕೇ ಬಾರದ ಪಂದ್ಯ. ಆಗ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಸಂಬಳಕ್ಕಾಗಿ ಮುಷ್ಕರಕ್ಕೆ ಸಿದ್ಧರಾಗ್ತಿದ್ದರು, ಕೆಲವೇ ದಿನದಲ್ಲಿ ಹತ್ತಾರು ಸಾವಿರ ಶಿಕ್ಷಕರು ಬೀದಿಗೆ ಬಂದರು. ಜನ ಕೆರಳದೆ ಇರ್ತಾರಾ? ಟೀಚರ್‌ಗೆ ಕೊಡೋಕೆ ಇಲ್ಲದ ದುಡ್ಡು ಹಾಲಿವುಡ್ ಊರಿನ ಕೋಟ್ಯಧಿಪತಿಗಳಿಗೆ ಎಲ್ಲಿಂದ ಬಂತು ಅಂತ ಕೇಳಿದರು. ಕೇಳಿದವರಲ್ಲಿ ಹಾಕಿ ಅಭಿಮಾನಿಗಳೂ ಇದ್ದರು. 2024ರ ಅಕ್ಟೋಬರ್ ಮೊದಲ ವಾರ ಪಂದ್ಯ ನಡೆದವು, ಎದುರಾಳಿಗಳು ಬಾಸ್ಟನ್ ಮತ್ತು ಫ್ಲಾರಿಡಾ.

ಪೆಲಾಡೋ ಅವರಿಗೆ ಕೊನೆಗೂ ಒಂದು ತಂಡ ಸಿಕ್ಕಿತು. 2023ರ ಮಾರ್ಚ್‌ನಲ್ಲಿ ಮಾಂಟ್ರಿಯಲ್‌ನ ಅಲ್ವೆಟ್ಸ್ ತಂಡ ಕೊಂಡರು, ಅದೇ ನವೆಂಬರ್‌ನಲ್ಲಿ ಅದು ಕಪ್ಪೂ ಗೆದ್ದಿತು. ಆದರೆ ಆಟ ಹಾಕಿ ಅಲ್ಲ, ಕೆನಡಿಯನ್ ಫುಟ್‌ಬಾಲ್. ಊರೂ ಕ್ವಿಬೆಕ್ ಸಿಟಿ ಅಲ್ಲ.

ವಿಡಿಯೋಟ್ರಾನ್ ಸೆಂಟರ್‌ನಲ್ಲಿ ಮಂಜು ಮಾತ್ರ ಈಗಲೂ ಗಟ್ಟಿಯಾಗೇ ಇದೆ. ಜೂನಿಯರ್ ಹುಡುಗರ ರೆಂಪಾರ್ಟ್ಸ್, ಪ್ಯಾಟ್ರಿಕ್ ರುವಾ ಕೋಚ್ ಆಗಿದ್ದಾಗ, 2023ರಲ್ಲಿ ದೇಶದ ಜೂನಿಯರ್ ಹಾಕಿಯ ಅತಿ ದೊಡ್ಡ ಗೌರವವಾದ ಮೆಮೋರಿಯಲ್ ಕಪ್ ತಂದಿತು. ಈ ರುವಾ ಹುಟ್ಟಿದ್ದೂ ಕ್ವಿಬೆಕ್ ಸಿಟಿಯಲ್ಲೇ. 1996ರಲ್ಲಿ ಕೊಲೊರಾಡೊ ಆ ಮೊದಲ ಕಪ್ ಗೆದ್ದಾಗ ಗೋಲ್ ಕಾಯ್ತಿದ್ದವರೂ ಇವರೇ. 2024ರ ಜನವರಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್‌ನವರು ಅವರನ್ನ ಕರೆದುಕೊಂಡು ಹೋದರು. ತಂಡ ಬರಲಿಲ್ಲ, ಕೋಚ್ ಹೋದರು.

2025ರ ಜನವರಿಯಲ್ಲಿ ಅಲ್ಲಿಗೆ ಮಹಿಳೆಯರ ವೃತ್ತಿಪರ ಲೀಗ್ ಬಂತು. ಪಿಡಬ್ಲ್ಯುಎಚ್‌ಎಲ್ ಅಂತ ಅದರ ಹೆಸರು, ಶುರುವಾಗಿ ಎರಡನೇ ಸೀಸನ್. ಹೊಸ ನಗರಗಳನ್ನ ಪರೀಕ್ಷೆ ಮಾಡೋಕೆ ಊರೂರು ಸುತ್ತುತ್ತಾ, ಮಾಂಟ್ರಿಯಲ್ ಮತ್ತು ಆಟವಾ ತಂಡಗಳನ್ನ ಕ್ವಿಬೆಕ್ ಸಿಟಿಯಲ್ಲಿ ಆಡಿಸಿದರು. ಟಿಕೆಟ್ ಪೂರ್ತಿ ಖರ್ಚಾಗಿ ಕ್ರೀಡಾಂಗಣ ಭರ್ತಿಯಾಯ್ತು. ಅಮ್ಮಂದಿರ ಕೈ ಹಿಡಿದ ಪುಟ್ಟ ಹುಡುಗಿಯರು, ಹಳೇ ನಾರ್ಡಿಕ್ಸ್ ಜೆರ್ಸಿ ತೊಟ್ಟ ಅಪ್ಪಂದಿರು. ಹೊಸ ತಂಡ ಸಿಗಬಹುದಾದ ಊರುಗಳ ಪಟ್ಟಿಯಲ್ಲಿ ಕ್ವಿಬೆಕ್ ಹೆಸರೂ ಓಡಾಡಿತು. ಏಪ್ರಿಲ್‌ನಲ್ಲಿ ಲೀಗ್ ಎರಡು ಹೊಸ ತಂಡ ಘೋಷಿಸಿತು. ಒಂದು ವ್ಯಾಂಕೂವರ್‌ಗೆ, ಇನ್ನೊಂದು ಸಿಯಾಟಲ್‌ಗೆ.